ಫೈರ್‌ಪ್ಲೇಸ್ ಇರುವ ಮನೆ ಕೊಂಡವರಿಗೆ ಒಂದು ಬಹಿರಂಗ ಪತ್ರ

ನ್ಯೂ ಇಂಗ್ಲೆಂಡಿನಲ್ಲಿ ಮನೆ ಕೊಂಡಿರುವ, ಕೊಳ್ಳಲು ಓಡಾಡುತ್ತಿರುವ ಕನ್ನಡ ಬಂಧುಗಳೇ,

ಶ್ರೂಸ್‌ಬರಿ, ವೆಸ್ಟ್‌ಬರೋ, ಆಶ್‌ಲ್ಯಾಂಡ್, ಆಕ್ಟನ್ ಕಡೆ ಮನೆ ನೋಡಲು ಹೊರಟಾಗ ನಿಮ್ಮಲ್ಲಿ ಕೆಲವರು ನನ್ನನ್ನೂ ಜೊತೆಗೆ ಕರೆಯುತ್ತೀರಿ. ಬಾಗಿಲು ಯಾವ ದಿಕ್ಕಿಗಿದೆ, ದೇವರಮನೆಗೆ ಎಲ್ಲಿ ಜಾಗ ಮಾಡಬಹುದು, ಶಾಲೆ ಹೇಗಿದೆ, ಬೇಸ್‌ಮೆಂಟಿಗೆ ನೀರು ಬರುತ್ತದಾ, ರೇಡಾನ್ ಎಷ್ಟು, ರೂಫ್ ಹಾಕಿಸಿ ಎಷ್ಟು ವರ್ಷವಾಯಿತು, ಎಲ್ಲವನ್ನೂ ಕೆದಕಿ ಕೇಳುತ್ತೀರಿ. ಹಾಲಿನ ಫೈರ್‌ಪ್ಲೇಸ್ ಹತ್ತಿರ ಬಂದಾಗ ಮಾತ್ರ ಪ್ರಶ್ನೆ ನಿಂತುಹೋಗುತ್ತದೆ. "ಎಷ್ಟು ಚೆನ್ನಾಗಿದೆ ಅಲ್ವಾ" ಎನ್ನುತ್ತಾ, ಅದರ ಮೇಲಿನ ಹಲಗೆಯಲ್ಲಿ ದಸರಾ ಗೊಂಬೆ ಕೂರಿಸುವ ಲೆಕ್ಕ ಹಾಕುತ್ತಾ ಅಡುಗೆಮನೆ ಕಡೆ ನಡೆದುಬಿಡುತ್ತೀರಿ.

ಆಮೇಲೆ ಹೋಮ್ ಇನ್ಸ್‌ಪೆಕ್ಟರ್ ಕೊಡುವ ದಪ್ಪ ವರದಿಯಲ್ಲಿ ಎಲ್ಲೋ ನಡುವೆ ಒಂದು ಸಾಲು ಬರುತ್ತದೆ: ಚಿಮಣಿಯ ಒಳಭಾಗ ನಮ್ಮ ತಪಾಸಣೆಗೆ ಸೇರಿಲ್ಲ, ಅರ್ಹ ಚಿಮಣಿ ತಜ್ಞರಿಂದ ಎರಡನೇ ಹಂತದ ತಪಾಸಣೆ ಮಾಡಿಸಿಕೊಳ್ಳಿ. ಈ ಸಾಲನ್ನು ಓದುವವರೇ ಕಡಿಮೆ. ಓದಿದವರೂ "ನಾವೇನು ದಿನಾ ಬೆಂಕಿ ಹಾಕ್ತೀವಾ" ಎಂದು ಪುಟ ತಿರುಗಿಸುತ್ತಾರೆ. ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಊರಿನಲ್ಲಿ ಬಚ್ಚಲೊಲೆಯ ಮುಂದೆ ಕೂತು ಬೆಳೆದವರು ನಾವು. ಬೆಂಕಿ ನಮಗೆ ಗೊತ್ತು ಎಂಬ ಧೈರ್ಯ ಇದ್ದೇ ಇರುತ್ತದೆ. ಆದರೆ ಅಲ್ಲಿ ಗೋಡೆ ಮಣ್ಣಿನದೋ ಕಲ್ಲಿನದೋ ಆಗಿರುತ್ತಿತ್ತು, ಹೊಗೆ ಹೆಂಚಿನ ಸಂದಿಯಿಂದ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಇಲ್ಲಿ ಇಡೀ ಮನೆಯೇ ಮರದ್ದು. ಆ ಮರದ ಚೌಕಟ್ಟಿನ ನಡುವೆ ಇಟ್ಟಿಗೆಯ ಗೂಡು, ಅದರೊಳಗೆ ಸುಟ್ಟ ಜೇಡಿಮಣ್ಣಿನ ಲೈನರ್ ಏರಿಹೋಗುತ್ತದೆ. ಮನೆಯೊಳಗಿನ ಚಿಮಣಿಯಾದರೆ ಇಟ್ಟಿಗೆಗೂ ಮರಕ್ಕೂ ನಡುವೆ ಎರಡು ಇಂಚು ಖಾಲಿ ಜಾಗ ಇರಬೇಕು ಎಂದು ಕಟ್ಟಡ ಸಂಹಿತೆ ಹೇಳುತ್ತದೆ. ಮಹಡಿಯಲ್ಲಿ ಮಕ್ಕಳು ಮಲಗುವ ಕೋಣೆಯ ಗೋಡೆ ಈ ಚಿಮಣಿಗೆ ಒತ್ತಿಕೊಂಡೇ ಇರುತ್ತದೆ. ಲೈನರ್ ಬಿರುಕು ಬಿಟ್ಟಿದ್ದರೆ ಮಕ್ಕಳಿಗೂ ಬೆಂಕಿಗೂ ನಡುವೆ ಉಳಿಯುವುದು ಒಂದು ಸಾಲು ಇಟ್ಟಿಗೆ ಮತ್ತು ಆ ಎರಡು ಇಂಚು ಗಾಳಿ. ತೀರಾ ಹಳೆಯ ಮನೆಗಳಲ್ಲಿ ಲೈನರೇ ಇಲ್ಲದಿರುವುದೂ ಉಂಟು. 1980ರ ನಂತರ ಕಟ್ಟಿದ ಹಲವು ಮನೆಗಳದು ಇನ್ನೊಂದು ಕಥೆ: ಹೊರಗೆ ಚಿಮಣಿಯಂತೆ ಕಾಣುವುದು ಮರದ ಪೆಟ್ಟಿಗೆ, ಒಳಗಿರುವುದು ಕಾರ್ಖಾನೆಯಲ್ಲಿ ತಯಾರಾದ ಲೋಹದ ಕೊಳವೆ. ಅದರ ಗಾಜಿನ ಬಾಗಿಲಿನಿಂದ ಹಿಡಿದು ಹಿಂಬದಿಯ ಹಲಗೆಯವರೆಗೆ ಯಾವುದನ್ನು ಬದಲಿಸಿದರೂ ಆ ಮಾದರಿಗೆ ಒಪ್ಪಿಗೆ ಇರುವ ಭಾಗವನ್ನೇ ಹಾಕಬೇಕು. ನಿಮ್ಮ ಮನೆಯಲ್ಲಿರುವುದು ಯಾವ ಬಗೆ ಎನ್ನುವುದು ನಿಮಗೆ ಮೊದಲು ಗೊತ್ತಿರಲಿ.

ಸೌದೆ ಉರಿಯುವಾಗ ಪೂರ್ತಿ ಸುಡದೆ ಉಳಿದ ಅನಿಲ, ನೀರಾವಿ, ಜಿಗುಟು ಎಲ್ಲವೂ ಹೊಗೆಯ ಜೊತೆ ಮೇಲೇರುತ್ತವೆ. ಮೇಲೆ ತಣ್ಣಗಿರುವ ಗೋಡೆಗೆ ತಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಕ್ರಿಯೊಸೋಟ್ ಎನ್ನುತ್ತಾರೆ. ಮೊದಲಿಗೆ ಅದು ನಮ್ಮೂರ ಅಡುಗೆಮನೆಯ ಇಲ್ಲಣದಂತೆ ಸಡಿಲ ಮಸಿ. ಬ್ರಷ್ ಎಳೆದರೆ ಉದುರುತ್ತದೆ. ಮುಂದಿನ ಹಂತದಲ್ಲಿ ಹೊಳಪಿನ ಗಟ್ಟಿ ಚಕ್ಕೆ. ಮೂರನೆಯದು ಕೊಪ್ಪರಿಗೆಯ ತಳ ಹಿಡಿದು ಸೀದ ಬೆಲ್ಲದ ಪಾಕದಂತೆ ಕಪ್ಪಗೆ, ನುಣ್ಣಗೆ ಮೆತ್ತಿಕೊಂಡುಬಿಡುತ್ತದೆ. ಮಾಮೂಲಿ ಬ್ರಷ್ಷಿಗೆ ಬಗ್ಗುವುದಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ರಾಸಾಯನಿಕ ಬೇಕು, ಕೆಲವೊಮ್ಮೆ ಲೈನರನ್ನೇ ಬದಲಿಸಬೇಕಾಗುತ್ತದೆ. ಲೈನರಿನ ಮೇಲಿನ ಪದರ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ಮುಟ್ಟಿತೆಂದರೆ ಗುಡಿಸಲೇಬೇಕು ಎನ್ನುವುದು ಈ ವೃತ್ತಿಯವರ ಲೆಕ್ಕ.

ಈ ಮೆತ್ತಿಗೆ ಉರಿಯುವ ವಸ್ತು. ಒಮ್ಮೆ ಹತ್ತಿಕೊಂಡರೆ ಚಿಮಣಿಯೊಳಗಿನ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ರೈಲು ಬಂದಂತೆ ಸದ್ದಾಗುತ್ತದೆ, ಮೇಲಿಂದ ಕಿಡಿ ಹಾರುತ್ತದೆ. ಹಾಗಾದರೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬಂದು 911ಕ್ಕೆ ಫೋನ್ ಮಾಡಿ, ಆಮೇಲೆ ಉಳಿದ ಮಾತು. ಆದರೆ ನನಗೆ ಹೆಚ್ಚು ಭಯ ಹುಟ್ಟಿಸುವುದು ಸದ್ದಿಲ್ಲದ ಬಗೆ. ಗಾಳಿ ಸಾಲದೆ ಒಳಗೊಳಗೇ ನಿಧಾನವಾಗಿ ಉರಿದು ಆರಿಹೋಗುವ ಚಿಮಣಿ ಬೆಂಕಿ ಬಹಳ. ಕೆಳಗೆ ಟಿವಿ ನೋಡುತ್ತಾ ಕೂತವರಿಗೆ ತಿಳಿಯುವುದೇ ಇಲ್ಲ. ಜೇಡಿಮಣ್ಣಿನ ಲೈನರ್ ಸೀಳಿರುತ್ತದೆ ಅಷ್ಟೇ. ಮುಂದಿನ ಬೆಂಕಿಗೆ ಆ ಸೀಳು ದಾರಿಯಾಗುತ್ತದೆ. ಹಿಂದಿನ ಮಾಲೀಕರ ಕಾಲದಲ್ಲಿ ಇಂಥದ್ದು ಆಗಿತ್ತೇ ಎನ್ನುವುದನ್ನು ಅವರೂ ಹೇಳಲಾರರು. ಕ್ಯಾಮೆರಾ ಹೇಳುತ್ತದೆ: ಜೇನುಗೂಡಿನ ಹಾಗೆ ಉಬ್ಬಿ ಬೂದಿಯಾದ ಕ್ರಿಯೊಸೋಟ್, ಉದ್ದಕ್ಕೆ ಸೀಳಿದ ಲೈನರ್, ತಲೆಯ ಮೇಲಿನ ಲೋಹದ ಟೋಪಿಯ ಬಣ್ಣಗೆಟ್ಟ ಅಂಚು.

ಅದಕ್ಕೇ ಚಿಮಣಿಗಳಿಗೆಂದು ರಾಷ್ಟ್ರೀಯ ಅಗ್ನಿರಕ್ಷಣಾ ಸಂಸ್ಥೆಯ, ಅಂದರೆ ಎನ್‌ಎಫ್‌ಪಿಎಯ 211ನೇ ಮಾನದಂಡ ಇರುವುದು. ಚಿಮಣಿಯನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಬಳಸಿರಲಿ ಬಿಡಲಿ. ಏನೂ ಬದಲಾಗದೆ ಹಿಂದಿನಂತೆಯೇ ಬಳಸುತ್ತಿರುವವರಿಗೆ ಮೊದಲ ಹಂತದ ತಪಾಸಣೆ ಸಾಕು: ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನು ನೋಡುತ್ತಾರೆ. ಮನೆ ಕೈ ಬದಲಾದಾಗ, ಚಿಮಣಿಗೆ ಬೆಂಕಿ ಬಿದ್ದ ಮೇಲೆ, ಲೈನರನ್ನೋ ಒಲೆಯನ್ನೋ ಬದಲಿಸಿದಾಗ ಎರಡನೆಯ ಹಂತ: ಕ್ಯಾಮೆರಾವನ್ನು ಕೊಳವೆಯ ಉದ್ದಕ್ಕೂ ಹಾಯಿಸಿ, ಅಟ್ಟಕ್ಕೂ ಹತ್ತಿ ನೋಡಬೇಕು. ಮೂರನೆಯದರಲ್ಲಿ ಗೋಡೆ ಒಡೆಯಬೇಕಾಗುತ್ತದೆ; ಗಟ್ಟಿ ಅನುಮಾನವಿಲ್ಲದೆ ಅದನ್ನು ಯಾರೂ ಸೂಚಿಸಬಾರದು. ನೀವು ಮನೆ ಕೊಂಡ ದಿನವೇ ಎರಡನೆಯ ಹಂತಕ್ಕೆ ಬಂದಾಯಿತು.

ಈಗ ಯಾರನ್ನು ಕರೆಯುವುದು? ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಈ ದೇಶದಲ್ಲಿ ತಲೆಗೂದಲು ಕತ್ತರಿಸಲು ಲೈಸೆನ್ಸ್ ಬೇಕು. ಚಿಮಣಿ ಗುಡಿಸಲು ಬಹುತೇಕ ರಾಜ್ಯಗಳಲ್ಲಿ ಬೇಡ. ಒಂದು ವ್ಯಾನು, ಒಂದು ಬ್ರಷ್ಷು ಇದ್ದವರು ಬೋರ್ಡು ಹಾಕಿಕೊಳ್ಳಬಹುದು. ಆದ್ದರಿಂದ ಅರ್ಹತೆಯನ್ನು ನೀವೇ ಕೇಳಬೇಕು. ಸಿಎಸ್‌ಐಎ, ಅಂದರೆ ಚಿಮ್ನಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಗ್ಯಾಸ್ ಮತ್ತು ಸೌದೆ ಒಲೆಗಳ ಮಟ್ಟಿಗೆ ಎನ್‌ಎಫ್‌ಐ, ಅಂದರೆ ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್, ಕೊಡುವ ಪ್ರಮಾಣಪತ್ರವೂ ಒಳ್ಳೆಯದು. ಒಂದು ಸೂಕ್ಷ್ಮ ಇದೆ: ಈ ಪ್ರಮಾಣಪತ್ರ ಸಿಗುವುದು ವ್ಯಕ್ತಿಗೆ, ಕಂಪನಿಗಲ್ಲ. ಕಂಪನಿಯ ಮಾಲೀಕರ ಹೆಸರಿನಲ್ಲಿ ಪತ್ರ ಇದ್ದು, ನಿಮ್ಮ ಮನೆಗೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ ಬರಬಹುದು. "ನಮ್ಮ ಮನೆಗೆ ಬರುವವರ ಪ್ರಮಾಣಪತ್ರದ ನಂಬರ್ ಹೇಳಿ" ಎಂದು ಫೋನಿನಲ್ಲೇ ಕೇಳಿ. ಅವಧಿ ಮುಗಿದಿಲ್ಲವಷ್ಟೇ ನೋಡಿಕೊಳ್ಳಿ. ಹೊಣೆಗಾರಿಕೆಯ ವಿಮೆ ಮತ್ತು ಕೆಲಸಗಾರರ ವಿಮೆಯ ಪತ್ರ ಕಳಿಸಲು ಹೇಳಿ. ರೂಫಿನ ಮೇಲೆ ಹತ್ತುವ ಕೆಲಸ ಇದು, ಯಾರಾದರೂ ಬಿದ್ದರೆ ಹೊರೆ ನಿಮ್ಮ ತಲೆಗೆ ಬರಬಾರದು. ಹೀಗೆಲ್ಲ ಕೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚ ನಮ್ಮವರಿಗೆ ಜಾಸ್ತಿ. ಕೆಲಸ ಬಲ್ಲವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಅಂಚೆಯಲ್ಲಿ ಬರುವ ಅಗ್ಗದ ಕೂಪನ್ ಬಗ್ಗೆ ಎಚ್ಚರ. ಊರೂರಿಗೆ ದರ ಬೇರೆಯಾದರೂ, ಪೆಟ್ರೋಲ್ ಖರ್ಚೂ ಹುಟ್ಟದ ದರಕ್ಕೆ ಯಾರಾದರೂ ಬರುತ್ತಾರೆಂದರೆ ಲಾಭ ಬೇರೆಲ್ಲೋ ಇದೆ. ಹತ್ತು ನಿಮಿಷ ಟಾರ್ಚ್ ಬಿಟ್ಟು ನೋಡಿ, ಮೊಬೈಲಿನಲ್ಲಿ ಯಾರದೋ ಮನೆಯ ಒಡೆದ ಲೈನರಿನ ಚಿತ್ರ ತೋರಿಸಿ, ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಎಂದು ಸಾವಿರಾರು ಡಾಲರಿನ ಸ್ಟೀಲ್ ಲೈನರ್ ಕಟ್ಟುವುದು ಹಳೆಯ ವರಸೆ. ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ಹೋಗುವ ಇಡೀ ವಿಡಿಯೋ ನಿಮ್ಮ ಎದುರಿಗೇ ತೆಗೆಯಲಿ, ಅದರಲ್ಲಿ ನಿಮ್ಮ ಫೈರ್‌ಪ್ಲೇಸಿನ ಇಟ್ಟಿಗೆ ಕಾಣಲಿ. ಅದೇ ದಿನ ಸಹಿ ಹಾಕಬೇಡಿ, ಇನ್ನೊಬ್ಬರನ್ನು ಕರೆಸಿ ಕೇಳಿ. ಅಲ್ಲಿಯವರೆಗೆ ಬೆಂಕಿ ಹಚ್ಚದೆ ಇದ್ದರೆ ಗಂಟೇನೂ ಹೋಗುವುದಿಲ್ಲ.

ಒಳ್ಳೆಯ ಕೆಲಸಗಾರರು ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕಲಿಯುವುದಿರುತ್ತದೆ. ಬಾಗಿಲಿನಿಂದ ಫೈರ್‌ಪ್ಲೇಸಿನವರೆಗೆ ಬಟ್ಟೆ ಹಾಸುತ್ತಾರೆ. ಮುಖಕ್ಕೆ ರೆಸ್ಪಿರೇಟರ್. ದೊಡ್ಡ ವ್ಯಾಕ್ಯೂಮಿನ ಬಾಯಿಯನ್ನು ಒಲೆಯ ಹತ್ತಿರ ಇಟ್ಟು ಮೊದಲು ಅದನ್ನು ಚಾಲೂ ಮಾಡುತ್ತಾರೆ, ಆಮೇಲೆಯೇ ಬ್ರಷ್. ಜೇಡಿಮಣ್ಣಿನ ಲೈನರಿಗೆ ಉಕ್ಕಿನ ತಂತಿಯ ಬ್ರಷ್, ಸ್ಟೀಲ್ ಲೈನರಿಗೆ ಪ್ಲಾಸ್ಟಿಕ್ ಎಳೆಯದು. ಕೊಳವೆ ಚೌಕವಾಗಿದ್ದರೆ ಬ್ರಷ್ಷೂ ಚೌಕ. ಒಂದಕ್ಕೊಂದು ಸಲಾಕೆ ಸಿಕ್ಕಿಸುತ್ತಾ ಮೇಲಕ್ಕೆ ದೂಡುತ್ತಾರೆ. ಉದುರಿದ್ದು ಬೀಳುವುದು ಡ್ಯಾಂಪರಿನ ಹಿಂದಿನ ಗೂಡಿನಲ್ಲಿ. ಅಲ್ಲಿ ಕೈಹಾಕಿ ತೆಗೆಯದೆ ಹೋದವರು ಅರ್ಧ ಕೆಲಸ ಮಾಡಿದಂತೆ. ಡ್ಯಾಂಪರ್ ಎಂದರೆ ಹೊಗೆದಾರಿಯನ್ನು ತೆರೆದು ಮುಚ್ಚುವ ಕಬ್ಬಿಣದ ತಗಡು. ಅದು ಪೂರ್ತಿ ತೆರೆಯುತ್ತದೆಯೇ ನೋಡುತ್ತಾರೆ. ಮೇಲೆ ಹತ್ತಿ ಚಿಮಣಿಯ ನೆತ್ತಿಯ ಸಿಮೆಂಟ್ ಬಿರುಕು ಬಿಟ್ಟಿದೆಯೇ, ಜಾಲರಿ ಟೋಪಿ ಇದೆಯೇ, ರೂಫ್ ಕೂಡುವಲ್ಲಿ ನೀರು ಇಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನ್ಯೂ ಇಂಗ್ಲೆಂಡಿನಲ್ಲಿ ಚಿಮಣಿಯನ್ನು ಬೆಂಕಿಗಿಂತ ಹೆಚ್ಚಾಗಿ ತಿನ್ನುವುದು ನೀರು: ಇಟ್ಟಿಗೆ ಕುಡಿದ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಇಟ್ಟಿಗೆಯ ಮುಖ ಸಿಪ್ಪೆಯಂತೆ ಎದ್ದುಬರುತ್ತದೆ. ಇಷ್ಟೆಲ್ಲ ಆದಮೇಲೆ ಫೋಟೋ ಸಹಿತ ಲಿಖಿತ ವರದಿ ಕೊಡುತ್ತಾರೆ. ಅದನ್ನು ಜೋಪಾನವಾಗಿಡಿ, ವಿಮಾ ಕಂಪನಿಯವರು ಕೇಳಿದಾಗ ಬೇಕಾಗುತ್ತದೆ.

ಈ ಕೆಲಸದ ಹಿಂದೆ ಕರಾಳ ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಇದೇ ಕೊಳವೆಗಳೊಳಗೆ ಮಕ್ಕಳನ್ನು ಹತ್ತಿಸುತ್ತಿದ್ದರು. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯರು ಚಿಮಣಿ ಗುಡಿಸುವವರ ವೃಷಣದ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದರು. ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸಿದ ಮೊದಲ ಬರಹಗಳಲ್ಲಿ ಅದು ಒಂದು. 1788, 1834, 1840, 1864ರಲ್ಲಿ ಕಾನೂನುಗಳು ಬಂದರೂ ಹುಡುಗರು ಹತ್ತುವುದು ನಿಲ್ಲಲಿಲ್ಲ. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಫುಲ್‌ಬರ್ನ್ ಆಸ್ಪತ್ರೆಯ ಚಿಮಣಿಯಲ್ಲಿ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಬಂದ ಕಾನೂನು ಪೊಲೀಸರ ಪರವಾನಗಿ ಇಲ್ಲದೆ ಯಾರೂ ಈ ಕೆಲಸ ಮಾಡುವಂತಿಲ್ಲ ಎಂದಿತು. ಮಕ್ಕಳ ಜೀವ ತೆತ್ತ ಮೇಲೆ ಅಲ್ಲಿ ಬಂದ ಪರವಾನಗಿ ಇಲ್ಲಿ ನಮ್ಮ ಹೆಚ್ಚಿನ ರಾಜ್ಯಗಳಿಗೆ ಇನ್ನೂ ಬೇಡವಾಗಿದೆ. ನನಗೆ ಇದು ಸರಿ ಕಾಣುವುದಿಲ್ಲ.

ಗುಡಿಸುವವರು ವರ್ಷಕ್ಕೊಂದು ದಿನ ಬರುತ್ತಾರೆ, ಮಿಕ್ಕ ದಿನ ಬೆಂಕಿ ನೋಡಿಕೊಳ್ಳುವುದು ನೀವು. ಮುಖ್ಯವಾದದ್ದು ಸೌದೆ. ಹಸಿ ಸೌದೆ ತನ್ನ ನೀರನ್ನು ಕುದಿಸುವುದಕ್ಕೇ ಶಾಖ ಕಳೆದುಕೊಂಡು ತಣ್ಣಗೆ ಹೊಗೆಯಾಡುತ್ತದೆ, ಕ್ರಿಯೊಸೋಟ್ ಬೆಳೆಯುವುದೇ ಆಗ. ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ; ಹೊರಮೈಗೆ ಚುಚ್ಚಿ ನೋಡಬೇಡಿ, ಕೊರಡನ್ನು ಸೀಳಿ ಹೊಸ ಮುಖಕ್ಕೆ ಚುಚ್ಚಿ. ಓಕ್ ಒಣಗಲು ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಸೌದೆ ಮಾರುವ ಅಳತೆ ಕಾರ್ಡ್, ಒಪ್ಪವಾಗಿ ಜೋಡಿಸಿದಾಗ 128 ಘನ ಅಡಿ. ಪಿಕಪ್ ಟ್ರಕ್ಕಿನ ಹಿಂದೆ ಸುರಿದದ್ದನ್ನು ಕಾರ್ಡ್ ಎಂದರೆ ನಂಬಬೇಡಿ. ಶ್ರೂಸ್‌ಬರಿಯವರಿಗೆ ಇನ್ನೊಂದು ಮಾತು: 2008ರಲ್ಲಿ ವೂಸ್ಟರಿನಲ್ಲಿ ಏಷ್ಯಾ ಮೂಲದ ಉದ್ದ ಮೀಸೆಯ ಮರಕೊರಕ ದುಂಬಿ ಪತ್ತೆಯಾದ ಮೇಲೆ ನಿಮ್ಮ ಊರೂ ನಿರ್ಬಂಧದ ವಲಯಕ್ಕೆ ಸೇರಿತು. ಅಲ್ಲಿನ ಸೌದೆಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಗೆಳೆಯರ ಮನೆಗೆ ಒಯ್ಯುವ ಉದಾರತೆ ಬೇಡ. ಪಿಜ್ಜಾ ಡಬ್ಬ, ಉಡುಗೊರೆ ಸುತ್ತಿದ ಕಾಗದ, ಕ್ರಿಸ್‌ಮಸ್ ಮರ ಒಲೆಗೆ ಹೋಗಬಾರದು. ಹಳೆಯ ಡೆಕ್ಕಿನ ಹಲಗೆಯಂತೂ ಮುಟ್ಟಲೇಬೇಡಿ, 2003ಕ್ಕೂ ಹಿಂದಿನದಾದರೆ ಅದರಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಹೆಚ್ಚು.

ನಮ್ಮ ಮನೆಗಳಿಗೇ ವಿಶೇಷವಾದ ತೊಂದರೆಯೊಂದಿದೆ. ಮನೆ ಕೊಂಡ ವರ್ಷದೊಳಗೆ ನಾವು ಮಾಡಿಸುವ ಮೊದಲ ರಿಪೇರಿ ಅಡುಗೆಮನೆಯ ಎಕ್ಸಾಸ್ಟ್. ಒಗ್ಗರಣೆ ಘಾಟು ಸೋಫಾಕ್ಕೆ ಹತ್ತಬಾರದೆಂದು 900 ಸಿಎಫ್‌ಎಮ್‌ನ ದೈತ್ಯ ಹುಡ್ ಹಾಕಿಸುತ್ತೇವೆ. ಅದು ನಿಮಿಷಕ್ಕೆ 900 ಘನ ಅಡಿ ಗಾಳಿಯನ್ನು ಹೊರಗೆ ತಳ್ಳಬಲ್ಲದು. ಚಳಿಗಾಲ, ಕಿಟಕಿ ಎಲ್ಲ ಬಂದ್. ಆ ಗಾಳಿಯ ಬದಲಿಗೆ ಒಳಗೆ ಬರುವುದೆಲ್ಲಿಂದ? ಇರುವುದರಲ್ಲಿ ದೊಡ್ಡ ತೂತು ಚಿಮಣಿಯೇ. ಹಾಲಿನಲ್ಲಿ ಬೆಂಕಿ ಉರಿಯುತ್ತಿರುವಾಗ ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಕಾಯಿಸಿ ಹುಡ್ ಹಾಕಿದಿರೋ, ಹೊಗೆ ಹಿಮ್ಮುಖವಾಗಿ ಮನೆಯೊಳಗೇ ಬರುತ್ತದೆ. ಜೊತೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಎಷ್ಟೋ ಮನೆಗಳಲ್ಲಿ "ಚಿಮಣಿ ಕಟ್ಟಿದ್ದೇ ಸರಿಯಿಲ್ಲ" ಎಂದು ಬೈಸಿಕೊಳ್ಳುವುದು ಪಾಪದ ಚಿಮಣಿ, ತಪ್ಪು ಹುಡ್ಡಿನದು. 400 ಸಿಎಫ್‌ಎಮ್ ಮೀರಿದ ಹುಡ್ಡಿಗೆ ಹೊರಗಿನ ಗಾಳಿ ತರುವ ಪ್ರತ್ಯೇಕ ವ್ಯವಸ್ಥೆ ಬೇಕೆಂದು ವಸತಿ ಕಟ್ಟಡ ಸಂಹಿತೆಯಲ್ಲಿ ಇದೆ. ಹಾಕುವವರು ಅದನ್ನು ಹೇಳುವುದಿಲ್ಲ, ನೀವು ಕೇಳಿ. ಸದ್ಯಕ್ಕೆ, ಬೆಂಕಿ ಇರುವ ದಿನ ಹುಡ್ ಹಾಕಬೇಡಿ. ಹಾಕಲೇಬೇಕಾದರೆ ಹತ್ತಿರದ ಕಿಟಕಿಯೊಂದನ್ನು ತೆರೆದಿಡಿ.

ಹುಡ್ ಇಲ್ಲದೆಯೂ ಹೊಗೆ ಬಂದರೆ ಹಚ್ಚುವ ಮೊದಲು ಕಾಗದದ ಸುರುಳಿಯೊಂದನ್ನು ಡ್ಯಾಂಪರಿನ ಹತ್ತಿರ ಹಿಡಿದು ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿಕೊಳ್ಳಿ. ಒಲೆಯ ಆಕಾರವೂ ಮುಖ್ಯ. ಒಲೆ ಆಳವಾಗಿಲ್ಲದೆ, ಅದರ ಪಕ್ಕದ ಗೋಡೆಗಳು ಓರೆಯಾಗಿ, ಹೊಗೆದಾರಿಯ ಕೊರಳು ಕಿರಿದಾಗಿದ್ದರೆ ಶಾಖ ಕೋಣೆಗೆ, ಹೊಗೆ ಮೇಲಕ್ಕೆ ಎಂದು 1796ರಲ್ಲಿ ಪ್ರಬಂಧ ಬರೆದ ಕೌಂಟ್ ರಮ್‌ಫರ್ಡ್ ಹುಟ್ಟಿದ್ದು ನಿಮ್ಮಲ್ಲಿ ಹಲವರು ಕೆಲಸಕ್ಕೆ ಹೋಗುವ ವೋಬರ್ನಿನಲ್ಲಿ. ಅವರು ಹುಟ್ಟಿದ ಮನೆ ಇನ್ನೂ ಇದೆ, ನೋಡಿಬನ್ನಿ.

ಗೃಹಪ್ರವೇಶದ ವಿಚಾರ. ಹೊಗೆ ಅಲಾರಂ ಬಡಿದುಕೊಳ್ಳಬಾರದೆಂದು ಹೋಮಕುಂಡವನ್ನು ಫೈರ್‌ಪ್ಲೇಸಿನೊಳಗೇ ಇಡುವ ಉಪಾಯ ನಮ್ಮಲ್ಲಿ ಬಳಕೆಗೆ ಬಂದಿದೆ. ಪುರೋಹಿತರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಲೆಕ್ಕ ಹಾಕಿ: ಒಳಗೇನಿದೆಯೆಂದು ಯಾರೂ ನೋಡದ ಚಿಮಣಿ, ಎಷ್ಟೋ ವರ್ಷಗಳ ಮೇಲೆ ಮೊದಲ ಬೆಂಕಿ, ಮೇಲೆ ಅಳಿಲು ಕಟ್ಟಿದ ಒಣ ಕಡ್ಡಿಯ ಗೂಡು ಇದ್ದರೂ ಇರಬಹುದು, ಕೆಳಗೆ ತುಪ್ಪದ ಆಹುತಿ, ಹಾಲಿನ ತುಂಬ ಜನ. ಮುಹೂರ್ತ ಇಡಿಸುವಾಗಲೇ ಅದಕ್ಕೂ ಮೊದಲಿನ ಒಂದು ದಿನ ಚಿಮಣಿಯವರಿಗೆ ಇಡಿ. ಗ್ಯಾಸ್ ಫೈರ್‌ಪ್ಲೇಸಿನೊಳಗೆ ಹೋಮ ಬೇಡವೇ ಬೇಡ.

ಬೆಂಕಿ ಆರುವ ಮೊದಲೇ ಚಳಿ ಬರುತ್ತದೆಂದು ಡ್ಯಾಂಪರ್ ಮುಚ್ಚಿ ಮಲಗಬೇಡಿ. ಕೆಂಡ ಇರುವಷ್ಟು ಹೊತ್ತೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರುತ್ತದೆ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ, ಮನೆಯಿಂದಲೂ ಡೆಕ್ಕಿನಿಂದಲೂ ದೂರ ಇಡಿ. ಗ್ಯಾರೇಜಿನ ಪ್ಲಾಸ್ಟಿಕ್ ಬಕೆಟ್ಟಿಗೋ ಕಾಗದದ ಚೀಲಕ್ಕೋ ಸುರಿದವರ ಮನೆಗಳು ಪ್ರತಿ ಚಳಿಗಾಲ ಸುದ್ದಿಯಾಗುತ್ತವೆ. ಇನ್ನು ಅಲಾರಂ. 2005ರ ಜನವರಿಯಲ್ಲಿ ಪ್ಲಿಮತ್ತಿನಲ್ಲಿ ಹಿಮ ಬಿದ್ದು ಬಾಯ್ಲರಿನ ಹೊಗೆದಾರಿ ಮುಚ್ಚಿ ನಿಕೋಲ್ ಎಂಬ ಏಳು ವರ್ಷದ ಹುಡುಗಿ ತೀರಿಕೊಂಡಳು. ಅವಳ ಹೆಸರಿನ ಕಾನೂನಿನಂತೆ ಮ್ಯಾಸಚೂಸೆಟ್ಸ್‌ನ ಮನೆಗಳ ವಾಸದ ಎಲ್ಲ ಅಂತಸ್ತುಗಳಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು, ಮಲಗುವ ಕೋಣೆಯ ಬಾಗಿಲಿಗೆ ಹತ್ತು ಅಡಿಯೊಳಗೆ ಇರಬೇಕು. ಹಪ್ಪಳ ಕರಿಯುವಾಗ ಬಡಿದುಕೊಳ್ಳುತ್ತದೆಂದು ಹೊಗೆ ಅಲಾರಮ್ಮಿನ ಬ್ಯಾಟರಿ ಕಿತ್ತಿಟ್ಟವರು ಎರಡೂ ಸೇರಿಕೊಂಡ ಅಲಾರಂ ಆಗಿದ್ದರೆ ಇದನ್ನೂ ಕಿತ್ತಿರುತ್ತಾರೆ. ಇವತ್ತೇ ಹಾಕಿ.

ಜೂನ್, ಜುಲೈಯಲ್ಲಿ ಚಿಮಣಿಯೊಳಗಿಂದ ಗುಡುಗುಡು ರೆಕ್ಕೆ ಸದ್ದು, ಮರಿಗಳ ಚಿಲಿಪಿಲಿ ಕೇಳಿದರೆ ಗಾಬರಿಯಾಗಬೇಡಿ. ಅವು ಚಿಮ್ನಿ ಸ್ವಿಫ್ಟ್. ಕೊಂಬೆಯ ಮೇಲೆ ಕೂರಲು ಬಾರದ, ಗೋಡೆಗೆ ಕಚ್ಚಿಕೊಂಡೇ ನಿಲ್ಲುವ ಹಕ್ಕಿಗಳು. ಕಡ್ಡಿಗಳನ್ನು ತಮ್ಮ ಜೊಲ್ಲಿನಿಂದ ಅಂಟಿಸಿ ಅರ್ಧ ಬಟ್ಟಲಿನಾಕಾರದ ಗೂಡು ಮಾಡುತ್ತವೆ. ಅಮೆಜಾನ್ ಕಡೆಯಿಂದ ಬಂದು, ಬೇಸಿಗೆ ಕಳೆದು ವಾಪಸು ಹೋಗುತ್ತವೆ. 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇರುವುದರಿಂದ ಮೊಟ್ಟೆ ಮರಿ ಇರುವ ಗೂಡನ್ನು ಕೀಳುವಂತಿಲ್ಲ. ಡ್ಯಾಂಪರ್ ಮುಚ್ಚಿ, ಅವು ಹೋದಮೇಲೆ ಗುಡಿಸಿ. ಮೇಲೆ ಜಾಲರಿ ಹಾಕುವುದು ಬಿಡುವುದು ನಿಮ್ಮಿಷ್ಟ. ಅವುಗಳ ಸಂಖ್ಯೆ ಇಳಿಯುತ್ತಿದೆ ಎನ್ನುವುದು ಮನಸ್ಸಿನಲ್ಲಿರಲಿ.

ಹಾಗಾಗಿ ಚಿಮಣಿಯವರನ್ನು ಕರೆಯಲು ಒಳ್ಳೆಯ ಕಾಲ ಏಪ್ರಿಲ್ ಮೊದಲ ವಾರಗಳು: ಕೊನೆಯ ಬೆಂಕಿ ಆರಿರುತ್ತದೆ, ಹಕ್ಕಿ ಬಂದಿರುವುದಿಲ್ಲ, ಅವರಿಗೂ ಕೆಲಸ ಕಡಿಮೆ. ಮಸಿ ತೆಗೆಸಿದ್ದರೆ ಆಗಸ್ಟಿನ ಸೆಕೆಯಲ್ಲಿ ಮನೆಯೊಳಗೆ ಹಳೇ ಹೊಗೆಯ ಕಮಟು ವಾಸನೆಯೂ ಇರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ವಾರ ಫೋನ್ ಮಾಡಿದರೆ ಒಳ್ಳೆಯವರು ಯಾರೂ ಸಿಗುವುದಿಲ್ಲ, ಕೂಪನ್ನಿನವರು ಸಿಗುತ್ತಾರೆ. ಇನ್ನೂ ಮನೆ ಕೊಳ್ಳುವ ಮಾತುಕತೆಯಲ್ಲಿ ಇರುವವರು ಕೊನೆಯ ಸಲ ಗುಡಿಸಿದ ರಸೀದಿಯನ್ನು ಮಾರುವವರಿಂದ ಕೇಳಿ. ಇಲ್ಲವೆಂದರೆ ಎರಡನೇ ಹಂತದ ತಪಾಸಣೆಗೆ ಸಮಯ ಕೇಳಿ ಪಡೆಯಿರಿ, ರಿಪೇರಿ ಬಂದರೆ ಅದನ್ನು ಬೆಲೆಯ ಮಾತಿನೊಳಗೆ ತನ್ನಿ. ಕ್ಲೋಸಿಂಗ್ ಆದಮೇಲೆ ಆ ಖರ್ಚು ಪೂರ್ತಿ ನಿಮ್ಮದೇ.

ಇಂತಿ,
ವೂಸ್ಟರ್ ಕೌಂಟಿಯಿಂದ ನಿಮ್ಮವನೊಬ್ಬ